ಅಪ್ಪ ಒಗೆದ ಕೆಂಪು ಹರಳು

ಅಪ್ಪನ ಹಟ ನೆನೆದರೆ ನನಗೆ ಈಗಲೂ ಮೊದಲು ಅವನ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ನನ್ನ ಮೇಲೆ. ನನ್ನ ತವರು ಮುಂಡರಗಿ ಕಡೆ, ಗುಡ್ಡದ ಬುಡದಲ್ಲಿ. ಹಳ್ಳದ ಮರಳು ತೊಳೆದು ಬಂಗಾರ ತೆಗೆಯುವುದು ನಮ್ಮ ಮನೆತನದ ಕಸುಬು. ಸುತ್ತಲಿನವರು ನಮ್ಮನ್ನು ಜಾಲಗಾರರು ಅನ್ನುತ್ತಾರೆ. ಬಂಗಾರ ಅಂದಕೂಡಲೇ ಜನ ಕಣ್ಣರಳಿಸುತ್ತಾರೆ, ಏನು ಹೇಳಲಿ ಅವರಿಗೆ. ಇಡೀ ದಿನ ನೀರಲ್ಲಿ ನಿಂತರೆ ಸಾಸಿವೆಗಿಂತ ಸಣ್ಣ ಕಣ ಸಿಕ್ಕರೆ ಸಿಕ್ಕೀತು, ಇಲ್ಲದಿದ್ದರೆ ಇಲ್ಲ. ನಮ್ಮ ಹೊಟ್ಟೆ ತುಂಬಿಸಿದ್ದು ಎರೆಹೊಲ. ಹಳ್ಳಕ್ಕೆ ಹೋಗದಿದ್ದರೆ ಅಪ್ಪನಿಗೆ ಉಂಡ ಕೂಳು ಮೈಗೆ ಹತ್ತುತ್ತಿರಲಿಲ್ಲ, ಅಷ್ಟೆ.

ಹಳ್ಳದ ತಿರುವಿನಲ್ಲಿ ನಿಂತ ಮರಳನ್ನು ಮರಿಗೆಗೆ, ಅಂದರೆ ಕಟ್ಟಿಗೆಯಲ್ಲಿ ಕೊರೆದ ಅಗಲವಾದ ತೊಟ್ಟಿಗೆ, ಎಳೆದುಕೊಳ್ಳಬೇಕು. ಮೊದಲು ಕಲ್ಲು ಆರಿಸಿ ಒಗೆಯಬೇಕು. ಆಮೇಲೆ ನೀರಲ್ಲಿ ಮೆಲ್ಲಗೆ ತೂಗುತ್ತ ಹಗುರ ಮರಳನ್ನು ಹೊರಗೆ ಹರಿಸಬೇಕು. ಕೊನೆಗೆ ತಳದಲ್ಲಿ ಭಾರದ ಕರಿ ಮರಳು ಉಳಿಯುತ್ತದೆ. ಬಂಗಾರ ಇದ್ದರೆ ಅದರೊಳಗೇ ಇರುತ್ತದೆ.

ಇದಕ್ಕೆ ನಮ್ಮವರ ಕಟ್ಟಳೆಗಳಿವೆ. ಮರಿಗೆ ಕೈಯಲ್ಲಿರುವಾಗ ತೊಳೆಯುವವನ ಹೊರತು ಇನ್ನೊಬ್ಬರು ಅದರೊಳಗೆ ಇಣುಕಬಾರದು. ಇಣುಕಿದರೆ ಬಂಗಾರ ಮುನಿಸಿಕೊಂಡು ಹೋಗುತ್ತದಂತೆ. ಮತ್ತೆ, ಕಸುಬು ಬಿಡುವವನು ಖಾಲಿ ಮರಿಗೆ ಇಳಿಸಬಾರದು. ಕೊನೆಯ ಸಲ ತೊಳೆದಾಗ ಅವನ ಕಣ್ಣಿಗೆ ಒಂದು ಕಣವಾದರೂ ಕಾಣಬೇಕು. ಕಂಡ ಮೇಲೆ ಮರಿಗೆಯನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ಮನೆಗೆ ತರಬೇಕು. ನಮ್ಮಜ್ಜ ಹಾಗೇ ತಂದಿದ್ದ.

ಅಪ್ಪನ ಕಣ್ಣು ಮಂಜಾಗತೊಡಗಿದಾಗ ಗದಗಿಗೆ ಕರೆದುಕೊಂಡು ಹೋಗಿ ತೋರಿಸಿದೆ. ನರ ಒಣಗಿವೆ, ಉಳಿದಷ್ಟು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಅಂದರು ಡಾಕ್ಟರು. ಅಪ್ಪ ಕೇಳಿಸಿಕೊಂಡ. ಮರುದಿನ ಹಳ್ಳಕ್ಕೆ ಹೋದ. ಹೋದ ಮಳೆಗಾಲದಲ್ಲಿ ಪಾಚಿಯ ಮೇಲೆ ಜಾರಿ ಬಿದ್ದು ಭುಜದ ಎಲುಬು ಮುರಿದುಕೊಂಡ. ಎಲುಬು ಕೂಡಿತು, ಮತ್ತೆ ಹೋದ. ಅವ್ವ ಫೋನಿನಲ್ಲಿ ಅತ್ತಳು. ನಾನು ಬೆಟಗೇರಿಯಲ್ಲಿ ಹೊಲಿಗೆ ಮಾಡಿಕೊಂಡಿದ್ದೇನೆ. ಮಷಿನ್ ಮುಚ್ಚಿಟ್ಟು ಬಸ್ ಹತ್ತಿದೆ.

"ಅಪ್ಪಾ, ಸಾಕ ಮಾಡು. ನೀರಾಗ ಬಿದ್ದ ಸತ್ರ ಯಾರ ನೋಡ್ತಾರ?" ಅಂದೆ. ನನಗೆ ಬೆಣ್ಣೆ ಹಚ್ಚಿ ಮಾತಾಡಲು ಬರುವುದಿಲ್ಲ.

"ಒಂದ ಕಣ ಬರಲಿ ಯವ್ವಾ, ಇಳಸ್ತೀನಿ."

"ಬರದಿದ್ರ?"

"ಬರತೈತಿ. ಎಲ್ಲಿ ಹೋಗ್ತೈತಿ?"

"ಗ್ವಾಡಿಗೆ ಹೇಳೂದೂ ಒಂದ, ನಿಮ್ಮಪ್ಪಗ ಹೇಳೂದೂ ಒಂದ," ಅಂದಳು ಅವ್ವ ಒಲೆಯ ಮುಂದಿನಿಂದ.

ಬಿದ್ದರೆ ಹಿಡಿಯಲಾದರೂ ಒಬ್ಬರು ಇರಲಿ ಅಂತ ನಾನೂ ಅವನ ಜೊತೆ ಹೋದೆ. ಕಟ್ಟಳೆ ಮೀರಬಾರದು ನೋಡಿ, ದಂಡೆಯ ಮೇಲೆ ಬೆನ್ನು ತಿರುಗಿಸಿ ಕೂತೆ. ಅಪ್ಪ ಹೆಬ್ಬೆರಳಿನಿಂದ ತಡವಿ ತಡವಿ ಕಲ್ಲು ಆರಿಸಿ ಹಿಂದಕ್ಕೆ ಒಗೆಯುತ್ತಿದ್ದ. ಒಂದು ಬಂದು ನನ್ನ ಕಾಲಿಗೆ ಬಡಿಯಿತು. ಬೈಯಬೇಕು ಅಂತ ಬಾಯಿ ತೆರೆದವಳು ಹಾಗೇ ಬಗ್ಗಿ ಎತ್ತಿಕೊಂಡೆ. ಕಡಲೆಕಾಳಿಗಿಂತ ದೊಡ್ಡ ಹರಳು, ಯಾರೋ ಕೂತು ಸುತ್ತಲೂ ನುಣುಪಾದ ಮುಖ ಕಡಿದಂತಿತ್ತು. ಕಪ್ಪು ಅಂದುಕೊಂಡೆ; ಬಿಸಿಲಿಗೆ ಹಿಡಿದರೆ ಒಳಗೆಲ್ಲ ಕೆಂಪು. ಸುತ್ತ ತಡವಿದರೆ ಅಂಥವೇ ಇನ್ನೂ ಕೆಲವು ಬಿದ್ದಿದ್ದವು.

"ಅಪ್ಪಾ, ಈ ಕೆಂಪ ಹರಳ ಏನವು?"

"ಅವು ಕರಿ ಮರಳಿನ ಜೋಡಿ ಬರ್ತಾವ. ಬಂದ್ವಂದ್ರ ಜಾಗಾ ಖರೆ ಐತಿ ಅಂತ ತಿಳೀಬೇಕು. ಒಗದು ಮುಂದ ತೊಳೀಬೇಕು."

ಆ ದಿನವೂ ಅವನಿಗೆ ಏನೂ ಕಾಣಲಿಲ್ಲ. ನಾನು ಹರಳುಗಳನ್ನು ಸೆರಗಿಗೆ ಕಟ್ಟಿಕೊಂಡು ಬೆಟಗೇರಿಗೆ ಬಂದು ನಮ್ಮ ಓಣಿಯ ಅಕ್ಕಸಾಲಿಗರಿಗೆ ತೋರಿಸಿದೆ. ಅವರು ಒಂದನ್ನು ಒರೆಸಿ ದೀಪಕ್ಕೆ ಹಿಡಿದು, "ಖರೇ ಹರಳ ಅದಾವ್ರಿ ಅಕ್ಕಾರ. ಗಾರ್ನೆಟ್ ಅಂತಾರ. ಭಾಳ ಬೆಲಿ ಬಾಳೂದಿಲ್ಲ, ಆದ್ರ ಸಾಣಿ ಹಿಡದ್ರ ಉಂಗರಕ್ಕ ಕೂಡಸಬಹುದು" ಅಂದರು.

ಬೆಲೆ ಕಟ್ಟಿಕೊಂಡು ನನಗೇನು? ಬಂಗಾರದ ಬದಲು ಇದನ್ನೇ ಒಪ್ಪಿಕೊಂಡು ಅಪ್ಪ ಮರಿಗೆ ಇಳಿಸಿದರೆ ಸಾಕಿತ್ತು. ಮುಂದಿನ ರವಿವಾರ ಮತ್ತೆ ಹೋಗಿ, "ನೀ ಒಗದದ್ದು ರತ್ನ ಐತಿ. ಇದ ಬಂಗಾರ ಅನ್ಕೊಂಡು ಇಳಸಿಬಿಡು" ಅಂದೆ.

"ರತ್ನ ಹುಡುಕಾಕ ನಮ್ಮಪ್ಪ ನನಗ ಕಲಿಸಿಲ್ಲ," ಅಂದವನೇ ಮರಿಗೆ ಹೊತ್ತು ಹೊರಟ.

ಹಳ್ಳದಲ್ಲಿ ಅವನು ಮರಳು ತೊಳೆದು ಮುಗಿಸುವವರೆಗೂ ಹಲ್ಲು ಕಚ್ಚಿ ಕೂತಿದ್ದೆ. ಆಮೇಲೆ ತಾಳಲಿಲ್ಲ. ಹಿಂದಿನಿಂದ ಹೋಗಿ ಹರಳನ್ನು ಅವನ ಅಂಗೈಗೆ ಒತ್ತಿದೆ. "ಬಿಸಲಿಗೆ ಹಿಡದ ನೋಡರ ನೋಡು."

ಅಪ್ಪ ಅದನ್ನು ಕಣ್ಣಿನ ಹತ್ತಿರ ತಂದ, ದೂರ ಒಯ್ದ, ಸೂರ್ಯನ ಕಡೆ ತಿರುಗಿಸಿದ.

"ಕೆಂಪ ಐತಿ," ಅಂದ.

"ಹೂಂ, ಕೆಂಪ ಐತಿ."

"ನನಗ ಕಾಣಾಕತ್ತೈತಿ."

ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಪ್ಪನ ಮುಖದಲ್ಲಿ ಖುಷಿ ಇರಲಿಲ್ಲ. ಬಗ್ಗಿ, ಮರಿಗೆಯ ತಳದ ಕರಿ ಮರಳನ್ನು ಬೆರಳಲ್ಲಿ ಬಳಿದುಕೊಂಡು ಅದನ್ನೂ ಹಾಗೇ ಬಿಸಿಲಿಗೆ ಹಿಡಿದ. ಹತ್ತಿರ ತಂದ, ದೂರ ಒಯ್ದ. ಮತ್ತೆ ಬಳಿದು ಮತ್ತೆ ನೋಡಿದ.

"ಇದರಾಗ ಏನೂ ಕಾಣವಲ್ದು. ಮರಳಿನ ಕಣ ಸೈತ ಕಾಣವಲ್ದು," ಅಂದ. ಆಮೇಲೆ ತನಗೇ ಹೇಳಿಕೊಂಡ, "ಹ್ವಾದ ವರ್ಷನೂ ಬಂಗಾರ ಬಂದಿರಬೇಕು. ಅದರ ಹಿಂದಿನ ವರ್ಷನೂ ಬಂದಿರಬೇಕು. ನಾನ ತೊಳದ ತೊಳದ ಹಳ್ಳಕ್ಕ ಬಿಟ್ಟೀನಿ."

ಬಂದಿಲ್ಲ ಅಂತ ಹೇಳಲು ಮರಿಗೆಯೊಳಗೆ ನೋಡಿದವರು ಯಾರಿದ್ದರು? ಕಣ್ಣಿಲ್ಲದವನು ಬಂಗಾರ ಹುಡುಕುತ್ತಿದ್ದ, ಕಣ್ಣಿದ್ದವರೆಲ್ಲ ಕಟ್ಟಳೆ ಅಂತ ಬೆನ್ನು ತಿರುಗಿಸಿ ಕೂತಿದ್ದೆವು.

ಅಪ್ಪ ಉಳಿದ ಮರಳನ್ನು ನೀರಿಗೆ ಬಿಟ್ಟು ಮರಿಗೆ ಜಾಲಾಡಿಸಿದ. ಬೋರಲು ಮಾಡಿದ. ಇದಕ್ಕಾಗಿಯೇ ನಾನು ಇಷ್ಟು ದಿನ ಅವನ ಜೊತೆ ಜಗಳವಾಡಿದ್ದೆ. ಈಗ ಮರಿಗೆಯ ಅಂಚು ಹಿಡಿದು, "ಇನ್ನೊಂದ ಸಲ ತೊಳಿ ಅಪ್ಪಾ, ನಾ ನೋಡ್ತೀನಿ" ಅಂದವಳು ನಾನೇ.

"ನೀ ನೋಡಿದ್ರ ಅದು ನಿನ್ನ ಮರಗಿ ಆತು. ನಂದು ಮುಗೀತು ಯವ್ವಾ, ನಡಿ."

ಅಪ್ಪ ಮರಿಗೆಯನ್ನು ತಲೆಯ ಮೇಲೆ ಹೊತ್ತ, ನಾನು ಅವನ ಮೊಣಕೈ ಹಿಡಿದು ನಡೆದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಬೋರಲು ಮರಿಗೆ ಕಂಡವಳೇ ಮೊರ ಬಿಟ್ಟು ಎದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು.

"ಬಂತೇನ್ರಿ ಬಂಗಾರ?"

"ಭಾಳ ಸಲ ಬಂದಿತ್ತಂತ ಕಾಣ್ತೈತಿ," ಅಂದ ಅಪ್ಪ. "ನಾ ನೋಡಲಿಲ್ಲ."

ಅವ್ವ ಹತ್ತಿರ ಬಂದು, ಅವನ ತಲೆಯ ಮೇಲಿನ ಮರಿಗೆಯನ್ನು ತಾನೇ ಎರಡೂ ಕೈಯಲ್ಲಿ ಹಿಡಿದು ಇಳಿಸಿಕೊಂಡಳು.