ಔಚ್ ಯಾವ ಭಾಷೆ?

ಬಾಯಮ್ಮನ ಬಲಗೈ ಹೆಬ್ಬೆರಳಿಗೆ ಸದಾ ಒಂದು ಹಸಿರು ರಬ್ಬರ್ ಟೊಪ್ಪಿ. ಕಾಗದ ಮಗುಚಲಿಕ್ಕೆಂದು ಹಾಕಿಕೊಂಡದ್ದು. ಊಟಕ್ಕೆ ಕೂತಾಗ ತೆಗೆಯಲು ಮರೆತು, ಟೊಪ್ಪಿ ಸಮೇತ ಬೆರಳನ್ನು ಸಾರಿನಲ್ಲಿ ಅದ್ದಿ, "ಸಾಯ್ಬಾ ಭೊಗೊಸ್!" ಎಂದು ಕೂಗುತ್ತಿದ್ದರು. ಸ್ವಾಮಿ ಕ್ಷಮಿಸು ಎಂದು ಕೊಂಕಣಿಯಲ್ಲಿ. ಆಮೇಲೆ ಅದನ್ನು ತೊಳೆದು ಮತ್ತೆ ಅದೇ ಬೆರಳಿಗೆ ಹಾಕಿಕೊಳ್ಳುತ್ತಿದ್ದರು.

ಅಬುಧಾಬಿಯ ಮುಸಫ್ಫಾದಲ್ಲಿ ನಮ್ಮ ದೇಶದವರ ಶಾಲೆಯೊಂದರ ದಾಖಲಾತಿ ವಿಭಾಗ ಅವರದು. ಮಂಗಳೂರು ಕಡೆಯ ಕ್ರೈಸ್ತರು. ಊರಿನ ರೂಢಿಯಂತೆ ನಾನು ಅವರನ್ನು ಬಾಯಮ್ಮ ಎನ್ನುತ್ತಿದ್ದೆ.

ಆ ಶಾಲೆಯಲ್ಲಿ ಆರರಿಂದ ಎಂಟನೇ ಕ್ಲಾಸಿನವರೆಗೆ ಗಣಿತ, ವಿಜ್ಞಾನದ ಒಂದು ವಿಶೇಷ ವಿಭಾಗವಿತ್ತು. ಬೇರೆ ಬೇರೆ ಶಾಲೆಗಳ ಮಕ್ಕಳು ಪರೀಕ್ಷೆ ಬರೆದು ಅಲ್ಲಿಗೆ ಬರಬೇಕು. ಒಂದೇ ಕಡೆಯವರು ತುಂಬಿಕೊಳ್ಳಬಾರದೆಂದು ಕೊನೆಯ ಕೆಲವು ಸೀಟುಗಳನ್ನು ಕಡಿಮೆ ಮಕ್ಕಳಿರುವ ಭಾಷೆಗಳಿಗೆ ಇಟ್ಟಿದ್ದರು. ನಮ್ಮ ಮಗಳಿಗೋ ಆ ವಿಭಾಗದ್ದೇ ಕನಸು. ಮಾರ್ಕು ಮಾತ್ರ ಸರಿಯಾಗಿ ಅಂಚಿನ ಮೇಲೆ ನಿಂತಿತ್ತು. ಹಾಗಾಗಿ ಅರ್ಜಿಯಲ್ಲಿದ್ದ 'ಮಾತೃಭಾಷೆ' ಎಂಬ ಒಂದೇ ಒಂದು ಖಾನೆ ನಮ್ಮ ಮನೆಯ ನೆಮ್ಮದಿ ಕೆಡಿಸಿತು.

ನಾನು ಉಡುಪಿಯ ತುಳುವ, ಮುಸಫ್ಫಾದ ವರ್ಕ್‌ಶಾಪೊಂದರಲ್ಲಿ ಸೂಪರ್‌ವೈಸರ್. ಹೆಂಡತಿ ದಾವಣಗೆರೆಯವಳು, ಖಾಲಿದಿಯಾದ ಆಸ್ಪತ್ರೆಯಲ್ಲಿ ನರ್ಸ್. ನಾವಿಬ್ಬರೂ ಕನ್ನಡದಲ್ಲೇ ಜಗಳವಾಡುತ್ತೇವೆ.

"ತಾಯಿ ಭಾಷೆ ಅಂದ್ರೆ ತಾಯಿ ಭಾಷೆ ಕಣ್ರೀ. ಹೆತ್ತೋಳು ನಾನು. ಕನ್ನಡ ಅಂತ ಬರೀರಿ," ಎಂದಳು.

"ಅಲ್ಲ ಮಾರಾಯ್ತಿ, ಕನ್ನಡದವರು ಬೇಕಾದಷ್ಟು ಜನ ಉಂಟು. ಅವರ ಕಂಪ್ಯೂಟರಿನಲ್ಲಿ ತುಳುವೇ ಇಲ್ಲ, ಅದು 'ಇತರೆ'ಗೆ ಹೋಗ್ತದೆ. ಅಲ್ಲಿ ಮಕ್ಕಳು ಕಡಿಮೆ. ಸೀಟು ಸಿಗ್ತದೆ," ಎಂದೆ ನಾನು.

"ಸೀಟಿಗೋಸ್ಕರ ತಾಯೀನೇ ಬದಲಾಯಿಸ್ತೀರಾ?"

ಖಾನೆಯನ್ನು ಖಾಲಿ ಬಿಟ್ಟು, ಮಗಳ ಕೈಹಿಡಿದು ಬಾಯಮ್ಮನ ಮುಂದೆ ಹೋಗಿ ನಿಂತೆ. ಊರಿನವರು, ನನ್ನ ಮಾತು ನಡೆಸಿಕೊಡುತ್ತಾರೆ ಎಂಬ ಒಳಲೆಕ್ಕ.

ಅವರು ಅರ್ಜಿ ನೋಡಿದರು. ನನ್ನನ್ನು ಬಿಟ್ಟು ಮಗಳನ್ನು ಕೇಳಿದರು: "ಪುಟ್ಟಾ, ಕಾಲಿನ ಬೆರಳು ಬಾಗಿಲಿಗೆ ತಾಗಿದ್ರೆ ಎಂತ ಹೇಳಿ ಕೂಗ್ತೀ?"

ಇದು ಅವರ ಹಳೆಯ ಪದ್ಧತಿಯಂತೆ. "ಅರ್ಜಿಯಲ್ಲಿ ಬರೆಯುವುದು ಅಪ್ಪ ಅಮ್ಮನ ಭಾಷೆ ಮಾರಾಯರೇ. ಮಗುವಿನದ್ದು ಪೆಟ್ಟಾದಾಗ ಬಾಯಿಗೆ ಬರ್ತದೆ," ಎಂದು ನನಗೆ ವಿವರಿಸಿದರು.

ನಾನು ಮನಸ್ಸಿನಲ್ಲೇ 'ಎನ್ನಪ್ಪೇ ಅನ್ನು, ಎನ್ನಪ್ಪೇ ಅನ್ನು' ಎಂದು ಜಪಿಸುತ್ತಿದ್ದೆ. ತುಳುವಿನಲ್ಲಿ 'ನನ್ನಮ್ಮಾ' ಎಂದು. ಮಗಳು ಸ್ವಲ್ಪ ಯೋಚಿಸಿ, "ಔಚ್," ಎಂದಳು.

ಬಾಯಮ್ಮ ಟಪಟಪ ಎಂದು ಟೈಪ್ ಮಾಡಿದರು. ಮಾತೃಭಾಷೆ: ಇಂಗ್ಲಿಷ್.

ನನಗೆ ಮೈಯೆಲ್ಲ ಉರಿದುಹೋಯಿತು. "ಎಂತ ಬಾಯಮ್ಮ ಇದು! ನಮ್ಮ ಏಳು ತಲೆಮಾರಿನಲ್ಲಿ ಇಂಗ್ಲಿಷಿನವರು ಯಾರಿದ್ದಾರೆ? ಊರಲ್ಲಿ ನನ್ನ ತಾಯಿಗೆ ಯಾವ ಮುಖ ತೋರಿಸ್ಲಿ?" ಎಂದು ಕೂಗಾಡಿದೆ. ಅವರು ಹಸಿರು ಹೆಬ್ಬೆರಳಿನಿಂದ ಮಗಳ ಹಣೆ ಮೆಲ್ಲಗೆ ಒತ್ತಿ, "ಖಲಾಸ್, ಕ್ಲಾಸಿಗೆ ಹೊತ್ತಾಯ್ತು, ಯಲ್ಲಾ, ಹೊರಡಿ," ಎಂದು ನಮ್ಮನ್ನು ಕಳಿಸಿಬಿಟ್ಟರು. ಮಗಳ ಸೀಟು ಹೋಯಿತೆಂದೇ ನಾನು ತಿಳಿದೆ. ಮನೆಯಲ್ಲಿ ಎರಡು ದಿನ ಅನ್ನ ರುಚಿಸಲಿಲ್ಲ.

ಪಟ್ಟಿ ಬಂದಾಗ ಅವಳ ಹೆಸರಿತ್ತು. ಇಡೀ ಶಾಲೆಯಲ್ಲಿ ಮಾತೃಭಾಷೆ ಇಂಗ್ಲಿಷ್ ಎಂದು ಬರೆಸಿದವರು ಬೇರೆ ಒಬ್ಬರೂ ಇರಲಿಲ್ಲವಂತೆ. ಸೀಟು ಸಿಕ್ಕಿದ್ದು ಆ ಖಾನೆಯಿಂದಲೋ, ಹೆಚ್ಚು ಮಾರ್ಕಿನವರು ಯಾರೋ ಬಿಟ್ಟುಹೋಗಿ ಅವಳ ಮಾರ್ಕಿನಿಂದಲೇ ಸಿಕ್ಕಿತೋ, ಪಟ್ಟಿಯಲ್ಲಿ ಬರೆದಿರಲಿಲ್ಲ.

ಅಲ್ಲಿಂದ ಮೂರು ವರ್ಷ ಮಗಳು ದಿನಾ ಸಂಜೆ ಐದೂವರೆಯವರೆಗೆ ಬಾಯಮ್ಮನ ಆಫೀಸಿನಲ್ಲೇ ಕೂತಳು. ನಮ್ಮಿಬ್ಬರ ಕೆಲಸ ಮುಗಿಯುವುದೇ ಅಷ್ಟು ಹೊತ್ತಿಗೆ. ಬಾಯಮ್ಮ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ತಾವು ತಂದ ಬಾಳೆಹಣ್ಣಿನ ಬನ್ಸ್‌ನಲ್ಲಿ ಅರ್ಧ ಅವಳಿಗೆ ಕೊಡುತ್ತಿದ್ದರು.

ವರ್ಷಕ್ಕೊಮ್ಮೆ ತಪಾಸಣೆಯವರಿಗೆಂದು ಭಾಷಾವಾರು ಅಂಕಗಳ ಪಟ್ಟಿ ಮಾಡಬೇಕಿತ್ತು. ಮಲಯಾಳಂ, ತಮಿಳು, ಹಿಂದಿ ಎಲ್ಲದಕ್ಕೂ ಉದ್ದುದ್ದ ಕಾಲಂಗಳು. ಇಂಗ್ಲಿಷಿನ ಕಾಲಂನಲ್ಲಿ ನಮ್ಮ ಮಗಳೊಬ್ಬಳೇ. ಅವಳಿಗೊಮ್ಮೆ ಪರೀಕ್ಷೆಯ ದಿನವೇ ಜ್ವರ ಬಂತು. ಇಂಗ್ಲಿಷ್ ಭಾಷಿಕರ ಗಣಿತ ಪಾತಾಳಕ್ಕೆ ಇಳಿಯಿತು! ಈ ಗುಂಪು ಹಿಂದೆ ಬಿದ್ದದ್ದೇಕೆ, ಏನು ಕ್ರಮ ಕೈಗೊಂಡಿದ್ದೀರಿ ಎಂದು ತಪಾಸಣೆಯವರು ಬರೆದು ಕೇಳಿದರು. 'ಗುಂಪಿಗೆ ಪ್ಯಾರಾಸಿಟಮಾಲ್ ಕೊಡಲಾಗಿದೆ' ಎಂದು ಬಾಯಮ್ಮ ಉತ್ತರ ಬರೆದರು. ಪ್ರಿನ್ಸಿಪಾಲರು ಬೈದು ಅದನ್ನು ತೆಗೆಸಿದರಂತೆ. ಇದನ್ನು ಹೇಳುತ್ತಾ ಹೇಳುತ್ತಾ ಬಾಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅರವತ್ತು ತುಂಬಿ ಅವರ ವೀಸಾ ಮುಗಿಯಿತು. ಕೊನೆಯ ದಿನ ಮೇಜಿನ ಸಾಮಾನು ಕಟ್ಟಿಕೊಡಲು ಹೋಗಿದ್ದೆ. ಬಾಯಿ ತಡೆಯಲಾಗದೆ ಕೇಳಿಯೇಬಿಟ್ಟೆ: "ಸತ್ಯ ಹೇಳಿ ಬಾಯಮ್ಮ. ಸೀಟು ಸಿಗ್ಲಿ ಅಂತ ಇಂಗ್ಲಿಷ್ ಬರೆದದ್ದಾ? ಅಲ್ಲ, ನಿಮಗೆ ನಿಜವಾಗಿ ಹಾಗೇ ಕಂಡದ್ದಾ?"

"ನಿಮಗೆ ಹೇಗೆ ಕಾಣ್ತದೆ?"

"ನನಗೆ ಎಂತದೂ ಅರ್ಥ ಆಗುದಿಲ್ಲ."

"ನನಗೂ ಅಷ್ಟೆ ಮಾರಾಯರೇ," ಎಂದು ನಕ್ಕು, ಪೆಟ್ಟಿಗೆಯ ಇನ್ನೊಂದು ಬದಿ ಹಿಡಿಯಲು ಹೇಳಿದರು.

ಎರಡು ವರ್ಷದ ನಂತರ ಒಂದು ಶುಕ್ರವಾರ ಮಧ್ಯಾಹ್ನ ನಾವು ಮೂವರೂ ಊಟಕ್ಕೆ ಕೂತಿದ್ದಾಗ, ಊರಿನವರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಬಂತು. ಕೆಳಗೆ ಸಾವಿನ ಸುದ್ದಿ. ನಾನು ಗಟ್ಟಿಯಾಗಿ ಓದಿದೆ. ನನ್ನ ಮಗಳನ್ನು ಮೂರು ವರ್ಷ ಸ್ವಂತ ಮೊಮ್ಮಗಳಂತೆ ನೋಡಿಕೊಂಡವರಿಗೆ ಅವತ್ತು ಕೂಗಾಡಿದ್ದಕ್ಕೆ ಒಂದು 'ತಪ್ಪಾಯಿತು' ಕೂಡ ನಾನು ಹೇಳಿರಲಿಲ್ಲ.

ಮಗಳ ಕೈಯಿಂದ ಚಮಚ ಜಾರಿ ತಟ್ಟೆಗೆ ಬಿತ್ತು. ಎದೆಗೆ ಕೈ ಒತ್ತಿಕೊಂಡು ಅವಳೆಂದಳು: "ಸಾಯ್ಬಾ ಭೊಗೊಸ್!"

ಹೆಂಡತಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ನಮ್ಮ ಮನೆಯಲ್ಲಿ ಯಾರಿಗೂ ಕೊಂಕಣಿ ಬರುವುದಿಲ್ಲ.

ಈಗ ಹೇಳಿ ಬಾಯಮ್ಮ, ಆ ಖಾನೆಯಲ್ಲಿ ಏನಂತ ಬರೆಯಲಿ?