ಪೀಣ್ಯದ ತಿರುವಿನ ಕಲ್ಲಾನೆ

ಪೀಣ್ಯದ ಒಳರಸ್ತೆಯಲ್ಲಿ, ಎರಡು ಕಾರ್ಖಾನೆಗಳ ನಡುವೆ ಶಿಲ್ಪಿಯೊಬ್ಬರ ಮನೆ ಇದೆ. ಅವರು ತೀರಿಕೊಂಡ ಮೇಲೆ ಹೆಂಡತಿ ಗೌರಮ್ಮ ಮನೆ, ತೋಟ, ಕೆತ್ತನೆಯ ಶೆಡ್ಡು ಎಲ್ಲವನ್ನೂ ಹಾಗೇ ಉಳಿಸಿಕೊಂಡು, ನೋಡಲು ಬಂದವರಿಗೆ ಬಾಗಿಲು ತೆರೆದಿಟ್ಟಿದ್ದಾರೆ. ದಾಸರಹಳ್ಳಿಯಲ್ಲಿ ಮೆಟ್ರೋ ಇಳಿದು, ದಾರಿ ಕೇಳಿಕೊಂಡು ಹೋದೆ.

ಶೆಡ್ಡಿನ ಗೋಡೆಯಲ್ಲಿ ಉಳಿಗಳು ಸಾಲಾಗಿದ್ದವು. ಕೆತ್ತುವವರು ಹೋಗಿ ವರ್ಷಗಳಾದರೂ ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ. ಯಾಕೆಂದು ಕೇಳುವಷ್ಟರಲ್ಲಿ ಹೊರಗೆ ಧಡ್ ಎಂದು ಸದ್ದಾಯಿತು.

ತೋಟದ ಅಂಚಿನಲ್ಲಿ, ರಸ್ತೆ ತಿರುಗುವ ಕಡೆ, ಎದೆಯೆತ್ತರದ ಕಲ್ಲಿನ ಆನೆ ನಿಂತಿದೆ. ಲಾರಿಯೊಂದು ಅದರ ಪಕ್ಕೆಗೆ ತಾಗಿ ಚಕ್ಕೆ ಎಬ್ಬಿಸಿತ್ತು.

"ಅಕ್ಕ, ಈ ಆನೇನ ಸ್ವಲ್ಪ ಒಳಗೆ ಹಾಕ್ಸಿ. ಗಾಡಿ ತಿರುಗಲ್ಲ," ಎಂದ ಡ್ರೈವರ್.

"ನಮ್ ಜಾಗ್ದಲ್ಲಿ ನಿಂತೈತೆ. ನೀನೇ ರಿವರ್ಸ್ ತಗೊಂಡು ತಿರುಗ್ಸು," ಎಂದರು ಗೌರಮ್ಮ. ಅವನು ಹಿಂದೆ ಹೋಗುವವರೆಗೂ ಅವರು ಕದಲಲಿಲ್ಲ.

ಆಮೇಲೆ ಉಳಿ, ಸುತ್ತಿಗೆ ತಂದು, ಆನೆಯ ಪಕ್ಕ ಕುಳಿತು, ಏಟು ಬಿದ್ದ ಜಾಗವನ್ನು ಕೆತ್ತಿ ಸಮ ಮಾಡತೊಡಗಿದರು. ಹಿಂದೆಯೂ ಹೀಗೇ ಕೆತ್ತಿ ಕೆತ್ತಿ ಆ ಮಗ್ಗುಲು ಆಗಲೇ ಬಡಕಲಾಗಿತ್ತು.

"ಸಿಮೆಂಟ್ ಮೆತ್ತಬಹುದಲ್ವಾ?" ಎಂದೆ.

"ಕಲ್ಲಿಗೆ ತೇಪೆ ಹಾಕಬಾರ್ದು ಅಂತಿದ್ರು ನಮ್ಮೋರು. ಪೆಟ್ಟು ಬಿದ್ರೆ ಕೆತ್ತಬೇಕು, ಅಷ್ಟೇ."

"ಹೀಗೇ ಕೆತ್ತಿದ್ರೆ ಒಂದಿನ ಆನೇನೇ ಉಳಿಯಲ್ಲ."

ಅವರು ಕೈಯಲ್ಲಿದ್ದ ಉಳಿಯಿಂದಲೇ ತೋಟದೊಳಗೆ ತೋರಿಸಿದರು. ಮಾವಿನ ಮರದ ಕೆಳಗಿನ ಬಂಡೆಯೊಂದರಲ್ಲಿ ಸೊಂಡಿಲು ಆಗಲೇ ಮೂಡಿತ್ತು.

"ಅದು ನಾನೇ ಕೆತ್ತುತಾ ಇರೋದು. ಇದಕ್ಕಿಂತ ಒಂದು ಮೊಳ ಅಗಲ ಇಟ್ಟಿದೀನಿ."