ಮಂಗಳವಾರದ ನೀಲಿ ಉರಿ

ಎಂಬತ್ತರ ದಶಕದಲ್ಲಿ ಹೊಸಪೇಟೆಯಲ್ಲಿ ಕೋಣೆ ಹಿಡಿದು, ಹಳ್ಳಿಯ ಅಡುಗೆಮನೆಗಳಲ್ಲಿ ಸೌದೆಯ ಬದಲು ಸಗಣಿಯ ಗೋಬರ್ ಗ್ಯಾಸ್ ನಿಲ್ಲಬಲ್ಲದೇ ಎಂದು ಸಂಶೋಧನೆ ಮಾಡುತ್ತಿದ್ದೆ. ಎಮ್ಮಿಗನೂರಿನಲ್ಲಿ ಪ್ರಯೋಗಕ್ಕೆಂದು ಒಂದು ಮನೆಗೆ ಅದನ್ನು ಹಾಕಿದ್ದರು. ವರ್ಷವಿಡೀ ಪ್ರತಿ ಮಂಗಳವಾರ ಅಲ್ಲಿಗೆ ಹೋದೆ. ಉಳಿದ ಮನೆಗಳಿಗೂ ಗ್ಯಾಸಿನ ಗುಂಡಿ ತೋಡಿಸಬೇಕೋ ಬೇಡವೋ ಎಂಬುದು ನನ್ನ ವರದಿಯ ಮೇಲೆ ನಿಂತಿತ್ತು.

ಮನೆಯಾಕೆ ನನ್ನನ್ನು ಶಾಲೆಯ ಶಿಕ್ಷಕಿಯರಂತೆ ‘ಅಕ್ಕೋರೆ’ ಎನ್ನುತ್ತಿದ್ದರು. ನಾನು ಹೋಗುವ ಹೊತ್ತಿಗೆ ಗ್ಯಾಸ್ ತುಂಬಿ ಗುಂಡಿಯ ಮೇಲೆ ಬೋರಲಾಗಿ ಕೂತ ಕಬ್ಬಿಣದ ಡ್ರಮ್ ಮೇಲೆದ್ದಿರುತ್ತಿತ್ತು. ಅಳತೆ ಬರೆದುಕೊಂಡು ಒಳಗೆ ಹೋದರೆ ನೀಲಿ ಉರಿಯ ಮೇಲೆ ಚಹಾ. ಡೈರಿಯಲ್ಲಿ ವಾರ ವಾರವೂ ಒಂದೇ ಸಾಲು: ಉರಿ ಚೆನ್ನಾಗಿದೆ.

ಕೊಟ್ಟಿಗೆಯನ್ನು ನಾನು ನೋಡಲಿಲ್ಲವೇ? ಈಗ ನೆನೆದರೆ ಅದು ಮೊದಲ ದಿನದಿಂದಲೂ ಖಾಲಿಯೇ ಕಾಣುತ್ತದೆ. ಡೈರಿಯ ಮೊದಲ ಪುಟದಲ್ಲಿ ಮಾತ್ರ ‘ನಾಲ್ಕು ಎತ್ತು, ಎರಡು ಎಮ್ಮೆ’ ಎಂದಿದೆ. ಕಾಲುವೆ ನೀರು ಎರಡು ಬೆಳೆ ಭತ್ತ ಕೊಟ್ಟಿತ್ತು, ಟ್ರ್ಯಾಕ್ಟರ್ ಬಂದಿತ್ತು. ಅದರ ನೆರಳಲ್ಲಿ ನಿಂತೇ ಅಳತೆ ಬರೆದಿದ್ದೇನೆ. ದನಗಳನ್ನು ಮತ್ತೆ ಎಣಿಸಲಿಲ್ಲ.

ಎಲ್ಲ ಮನೆಗೂ ಹಾಕಬಹುದೆಂದು ವರದಿ ಕೊಟ್ಟು, ಡಾಕ್ಟರೇಟ್ ಬಂದ ಮೇಲೆ ಪೇಡೆ ತೆಗೆದುಕೊಂಡು ಹೋದೆ. ಅಂದು ಮಂಗಳವಾರವಲ್ಲ. ಆಕೆ ಹಿತ್ತಿಲಲ್ಲಿ ಜಾಲಿ ಕಟ್ಟಿಗೆಯ ಒಲೆ ಊದುತ್ತ ಕೂತಿದ್ದರು. ಗ್ಯಾಸ್ ಏನಾಯಿತೆಂದು ಕೇಳಿದೆ. ನೀವು ಪಾಸಾದಿರಾ ಎಂದು ತಿರುಗಿ ಕೇಳಿದರು. ಹೂಂ ಎಂದ ಮೇಲೆಯೇ ಬಾಯಿಬಿಟ್ಟರು.

“ಎತ್ತು, ಎಮ್ಮಿ ಎಲ್ಲಾ ಮಾರಿದ ಮ್ಯಾಲೆ ಸಗಣಿ ಎಲ್ಲಿಂದ ಬರಬೇಕ್ರಿ? ಕಾಲುವಿ ಆಚಿಂದ ಬುಟ್ಟಿ ಹೊತ್ತು ತಂದು ಹಾಕ್ತಿದ್ದೆ. ವಾರವೆಲ್ಲ ಗ್ಯಾಸ್ ಹಚ್ಚಲಾರ್ದ ನಿಮ್ಮ ಮಂಗಳವಾರಕ್ಕ ಇಡ್ತಿದ್ದೆ. ಉರಿ ಹತ್ತಲಿಲ್ಲಂದ್ರ ಅಕ್ಕೋರು ಫೇಲ್ ಆಗ್ತಾರಂತ ತಿಳಕೊಂಡಿದ್ವಿ.”

“ನೀವು ಓದಿದ್ರಿ, ಇಕಿ ಹೊತ್ತಳು,” ಎಂದು ಆಕೆಯ ಅತ್ತೆ ಒಳಗಿನಿಂದಲೇ ನಕ್ಕರು.

ನಾನೂ ನಕ್ಕೆನೇ? ನಕ್ಕಿರಬೇಕು. ಆ ದಿನದ ಡೈರಿಯಲ್ಲಿ ‘ಪೇಡೆ ಕೊಟ್ಟು ಬಂದೆ’ ಎಂದಷ್ಟೇ ಇದೆ.

ಬಸ್ಸಿಗೆ ನಡೆಯುವಾಗ ಬೀದಿಯುದ್ದಕ್ಕೂ ಗುಂಡಿ ತೋಡುತ್ತಿದ್ದರು. ಖಾಲಿ ಕೊಟ್ಟಿಗೆಯ ಮುಂದೆ ನಿಂತ ಹೆಂಗಸೊಬ್ಬರು ಕೂಗಿ ಕೇಳಿದರು: “ನಮ್ಮ ಮನಿಗೆ ಯಾವ ವಾರ ಬರ್ತೀರಿ, ಅಕ್ಕೋರೆ?”

ಏನೆಂದು ಉತ್ತರಿಸಿದೆನೋ ನೆನಪಿಲ್ಲ. ವರದಿ ತಪ್ಪೆಂದು ಅಂದೇ ಪತ್ರ ಬರೆದೆ ಎಂದು ವರ್ಷಗಟ್ಟಲೆ ನಂಬಿಕೊಂಡಿದ್ದೆ. ಹಳೆಯ ಕಾಗದಗಳನ್ನೆಲ್ಲ ಹುಡುಕಿದೆ. ಆ ಪತ್ರದ ಪ್ರತಿಯಿಲ್ಲ, ಉತ್ತರವೂ ಇಲ್ಲ. ಆ ಗುಂಡಿಗಳಿಗೆ ಡ್ರಮ್ ಇಳಿಸಿದ್ದು ಮಾತ್ರ ನಿಜ.